ಎಂಟು ತಿಂಗಳ ಹಿಂದಿನ ಅಳತೆ

ಅಮ್ಮನ ದವಡೆ ಕಿಟಕಿಯ ಕಟ್ಟೆಯ ಮೇಲಿತ್ತು. ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟ ಆ ಪ್ಲಾಸ್ಟರ್ ಅಚ್ಚನ್ನು ಬೆಳಿಗ್ಗೆ ಎದ್ದ ಕೂಡಲೇ ನೋಡಬಾರದು ಎಂದುಕೊಂಡೇ ಅವನು ದಿನವೂ ಮಲಗುತ್ತಿದ್ದ. ಎದ್ದ ಕೂಡಲೇ ನೋಡುತ್ತಿದ್ದ. ನೋಡದೆ ತಪ್ಪಿಸಿಕೊಳ್ಳುವಷ್ಟು ದೊಡ್ಡದಾಗಿರಲಿಲ್ಲ ಆ ಕೋಣೆ. ಮಂಚದಿಂದ ಕಾಲು ಕೆಳಗಿಟ್ಟರೆ ಎದುರಿಗೆ ಗೋಡೆ, ಗೋಡೆಯಲ್ಲಿ ಕಿಟಕಿ, ಕಿಟಕಿಯಾಚೆ ಪಕ್ಕದ ಕಟ್ಟಡದ ನೀರಿನ ಪೈಪುಗಳು. ಎಂಟು ತಿಂಗಳ ಹಿಂದೆ ಈ ದೊಡ್ಡ ಊರಿಗೆ ಬಂದಾಗ ಬಟ್ಟೆಗಳ ನಡುವೆ ಒಡೆಯದಂತೆ ಜೋಪಾನವಾಗಿ ಇಟ್ಟುಕೊಂಡು ಬಂದದ್ದು ಇದೊಂದನ್ನೇ. ಹಲ್ಲು ಕಟ್ಟುವುದು ಅವನ ಕೆಲಸ. ಬಾಯಿಯ ಅಳತೆ ತೆಗೆದ ಅಚ್ಚಿನ ಮೇಲೆ ಮೇಣ ಮೆತ್ತಿ, ಮೇಣದಲ್ಲಿ ಒಂದೊಂದೇ ಹಲ್ಲು ನೆಟ್ಟು, ಬಾಯಲ್ಲಿಟ್ಟು ನೋಡಿ ಸರಿ ಕೂತಮೇಲೆ ಅದನ್ನು ಗಟ್ಟಿ ಸೆಟ್ಟು ಮಾಡಿಕೊಡುವುದು. ಅಮ್ಮನ ವಸಡು ಸಡಿಲವಾಗಿ ಹಲ್ಲುಗಳು ಅಲ್ಲಾಡತೊಡಗಿದಾಗ, ಒಂದೊಂದಾಗಿ ಕೀಳಿಸುತ್ತ ಕೂರಬೇಡ, ಎಲ್ಲ ಒಟ್ಟಿಗೆ ತೆಗೆಸಿಬಿಡು ಎಂದವನು ಅವನೇ. 'ಮೂರೇ ತಿಂಗಳು ತಡಿ. ಅಲ್ಲಿ ಒಳ್ಳೊಳ್ಳೇ ಸಾಮಾನು ಸಿಗತ್ತೆ. ನಾನೇ ಕಟ್ಟಿಕೊಡ್ತೀನಿ, ಬೇರೆ ಯಾರ ಹತ್ರಾನೂ ಹೋಗ್ಬೇಡ' ಎಂದು ಹೇಳಿ ಬಂದವನೂ ಅವನೇ. ಅಮ್ಮ ಇಪ್ಪತ್ತಾರು ವರ್ಷದಿಂದ ಊರಿನ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಹೇಳುವವಳು. ಊರಿಗೆಲ್ಲ ಮೈಕಮ್ಮ. ಹಲ್ಲು ಹೋದಮೇಲೆ 'ಸ' ಅನ್ನಲು ಹೋದರೆ ಬರೀ ಗಾಳಿ. ಯಾವ ಬಸ್ಸು ಎಲ್ಲಿಗೆ ಎಂದು ಜನ ಬಂದು ಕಿಟಕಿ ತಟ್ಟಿ ಕೇಳತೊಡಗಿದರು. ಹಲ್ಲು ಬರುವವರೆಗೆ ಅಂತ ಪಾರ್ಸೆಲ್ ಕೋಣೆಗೆ ಹಾಕಿದರು. ನಿವೃತ್ತಿಗೆ ಇನ್ನೆರಡೇ ವರ್ಷ. ಅಷ್ಟರೊಳಗೆ ಮೈಕಿಗೆ ವಾಪಸ್ಸು ಹೋಗದಿದ್ದರೆ ಆ ಕೋಣೆಯಿಂದಲೇ ಮನೆಗೆ.

ಬೆಳಿಗ್ಗೆ ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದಾಗ ಅಕ್ಕನ ಫೋನು ಬಂತು. ಅಮ್ಮ ಇರುವುದು ಅಕ್ಕ ಭಾವನ ಜೊತೆ. ಅಮ್ಮನಿಗೆಂದು ಬೇರೆ ಫೋನಿಲ್ಲ. ಗ್ಯಾಸಿನವನು ಬಂದಿದ್ದ, ಭಾವನ ಬೆನ್ನುನೋವು ವಾಸಿ, ಅಲ್ಲಿ ಬಿಸಿಲು ಹೇಗಿದೆ, ಎಲ್ಲ ಆದಮೇಲೆ ಅವನು ಕೇಳಿದ: 'ಅಮ್ಮಂಗೆ ಕೊಡು.'

'ಸ್ನಾನಕ್ಕೆ ಹೋಗಿದಾಳೆ.'

'ನಿನ್ನೇನೂ ಸ್ನಾನ, ಮೊನ್ನೇನೂ ಸ್ನಾನ. ದಿನಕ್ಕೆಷ್ಟು ಸಲ ಸ್ನಾನ ಮಾಡ್ತಾಳೆ ಅಕ್ಕ?'

ಅಕ್ಕ ದನಿ ತಗ್ಗಿಸಿ, 'ಅವಳಿಗೆ ಫೋನಲ್ಲಿ ಮಾತಾಡಕ್ಕೆ ಬೇಜಾರು ಕಣೋ. ಅರ್ಥ ಮಾಡ್ಕೋ' ಎಂದಳು. ಅವನಿಗೆ ಅರ್ಥವಾಯಿತು. ಅರ್ಥವಾಗಿ ಕೆನ್ನೆಯ ಮೇಲಿನ ಸೋಪು ಒಣಗುವವರೆಗೆ ಕನ್ನಡಿಯ ಮುಂದೆ ನಿಂತಿದ್ದ. ಮೊದಮೊದಲು ಅಮ್ಮ ಫೋನಿಗೆ ಬರುತ್ತಿದ್ದಳು. ಅವಳು ಹೇಳಿದ್ದು ತಿಳಿಯದೆ ಅವನು ಏನಂದೆ, ಏನಂದೆ ಎಂದು ಕೇಳುತ್ತಿದ್ದ. ಮೂರನೆಯ ಸಲ ಕೇಳುವಾಗ ತನ್ನ ದನಿಯಲ್ಲಿ ಕಿರಿಕಿರಿ ಇಣುಕುತ್ತಿದ್ದದ್ದು ಅವನಿಗೇ ಕೇಳಿಸುತ್ತಿತ್ತು. ಆಮೇಲಾಮೇಲೆ ತಿಳಿಯದಿದ್ದರೂ ಹೂಂ ಹೂಂ ಎನ್ನತೊಡಗಿದ. ಅಮ್ಮ ಮೈಕಿನವಳು. ಆ ಕಡೆಯವರಿಗೆ ಮುಟ್ಟಿತೋ ಇಲ್ಲವೋ ಎಂಬುದು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಒಂದೂವರೆ ತಿಂಗಳಿಂದ ಅವಳು ಫೋನಿಗೆ ಬರುವುದನ್ನೇ ಬಿಟ್ಟಿದ್ದಳು.

ಬಸ್ಸಿನಲ್ಲಿ ನಿಂತುಕೊಂಡೇ ಐವತ್ತು ನಿಮಿಷ. ಈ ಊರಿನ ಜನ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂಬುದನ್ನು ಮೊದಲ ವಾರದಲ್ಲೇ ಕಲಿತಿದ್ದ. ಅವನು ನೋಡುತ್ತಿದ್ದದ್ದು ಮುಖಗಳನ್ನಲ್ಲ, ಬಾಯಿಗಳನ್ನು. ಆದರೆ ಅದನ್ನು ಯಾರಿಗೆ ಬಿಡಿಸಿ ಹೇಳುವುದು? ಒಮ್ಮೆ ಒಬ್ಬಾಕೆ ಆಕಳಿಸಿದಾಗ ಮೇಲಿನ ಸೆಟ್ಟು ಸ್ವಲ್ಪ ಜಾರಿದ್ದನ್ನು ಕಂಡು ಅವನು ಕಣ್ಣು ಕಿರಿದುಮಾಡಿ ನೋಡಿದ್ದ. ಆಕೆ ಬಾಯಿ ಮುಚ್ಚಿ, 'ಏನ್ರೀ?' ಎಂದಿದ್ದಳು. ಸುತ್ತ ಇದ್ದವರೆಲ್ಲ ತಿರುಗಿದ್ದರು. ಏನಿಲ್ಲ ಎಂದು ತಲೆ ತಗ್ಗಿಸಿ ಎರಡು ನಿಲ್ದಾಣ ಮುಂಚೆಯೇ ಇಳಿದುಬಿಟ್ಟಿದ್ದ. ಅಂದಿನಿಂದ ಬಸ್ಸಿನಲ್ಲಿ ಅವನು ಚಪ್ಪಲಿಗಳನ್ನು ನೋಡುತ್ತಾನೆ. ಅವನಿಗೀಗ ಇಪ್ಪತ್ತೊಂಬತ್ತು ವರ್ಷ. ಇದೇ ಇಪ್ಪತ್ತಕ್ಕೆ ಬಂದಿದ್ದರೆ ಕಲಿಯಲು ಬಂದವನು ಎಂದಾದರೂ ಅನ್ನುತ್ತಿದ್ದರು. ನಲವತ್ತಕ್ಕೆ ಬಂದಿದ್ದರೆ ಸಾರ್ ಎನ್ನುತ್ತಿದ್ದರೇನೋ. ಎಂಟು ತಿಂಗಳಾದರೂ ಕೆಲಸದ ಲ್ಯಾಬಿನಲ್ಲಿ ಅವನು 'ಹೊಸಬ'. ಹೊಸಬನನ್ನು ಕರಿ, ಹೊಸಬನಿಗೆ ಕೊಡು, ಪ್ಲಾಸ್ಟರ್ ಕಲಸಿದ ಬಟ್ಟಲು ತೊಳೆದಿಲ್ಲ ಹೊಸಬ. ಊರಿನಲ್ಲಿ ಅವನು ಬೀದಿಯಲ್ಲಿ ನಡೆದರೆ ಅವನು ಕಟ್ಟಿದ ಹಲ್ಲುಗಳು ಅಂಗಡಿ ಅಂಗಡಿಯಿಂದ ನಕ್ಕು ಮಾತಾಡಿಸುತ್ತಿದ್ದವು. ಆಗ ಅದು ಬೇಜಾರಾಗಿತ್ತು, ಇದೇನು ಜೀವನ ಎನಿಸಿತ್ತು.

ಲ್ಯಾಬು ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ. ಉದ್ದನೆಯ ಮೇಜುಗಳು, ಒಬ್ಬೊಬ್ಬರಿಗೆ ಒಂದೊಂದು ಸ್ಪಿರಿಟ್ ದೀಪ, ಮೇಣದ ಚಾಕು, ತಟ್ಟೆಗಳ ಮೇಲೆ ನಂಬರು. ಹೆಸರು ಬರೆಯುವ ಪದ್ಧತಿ ಇಲ್ಲ. ನಂಬರು, ವಯಸ್ಸು, ಗಂಡೋ ಹೆಣ್ಣೋ, ಹಲ್ಲಿನ ಬಣ್ಣ, ಅಷ್ಟೇ. ಯಾವ ಬಾಯಿ ಯಾರದು ಎಂದು ಯಾರಿಗೂ ಬೇಕಿರಲಿಲ್ಲ. ಪಕ್ಕದಲ್ಲಿ ಕೂರುವ ಪಾಲಿಶ್ ಅಕ್ಕ ಇಪ್ಪತ್ತು ವರ್ಷದಿಂದ ಹಲ್ಲಿನ ಸೆಟ್ಟು ಉಜ್ಜಿ ಹೊಳಪು ಕೊಡುತ್ತಿದ್ದವಳು. ತಾನು ಉಜ್ಜಿದ ಒಂದು ಹಲ್ಲಾದರೂ ಬಾಯಲ್ಲಿ ಕೂತದ್ದನ್ನು ಅವಳು ಕಂಡಿರಲಿಲ್ಲ. ಕೇಳಿದರೆ 'ನನ್ನ ಪಾಲಿಗೆ ಎಲ್ಲಾ ಚಮಚ ಇದ್ದ ಹಾಗೆ ಕಣಪ್ಪ' ಎಂದಿದ್ದಳು. ಊರಿನಲ್ಲಿ ಅವನಿಗೆ ಕೆಲಸ ಕಲಿಸಿದ ಹಲ್ಲಿನ ಮೇಸ್ತ್ರಿ ಹಾಗಲ್ಲ. ಯಾರೇ ಬಂದರೂ ಎರಡು ದಿನ ಅಂಗಡಿಯ ಬೆಂಚಿನ ಮೇಲೆ ಕೂರಿಸಿ ಮಾತಾಡಿಸಬೇಕು, ಆಮೇಲೇ ಮೇಣ ಬಿಸಿಗೆ. ನಗುವಾಗ ತುಟಿ ಎಲ್ಲಿಯವರೆಗೆ ಏರುತ್ತದೆ, 'ವ' ಅನ್ನುವಾಗ ಎಲ್ಲಿ ಕಚ್ಚುತ್ತದೆ, ಸುಳ್ಳು ಹೇಳುವಾಗ ಯಾವ ಕಡೆ ಓರೆಯಾಗುತ್ತದೆ ಎಲ್ಲ ನೋಡಿ, ಕೊನೆಗೆ ಒಂದು ಹಲ್ಲನ್ನು ಕೂದಲೆಳೆಯಷ್ಟು ತಿರುಗಿಸಿಡುತ್ತಿದ್ದರು. ಹೊರಡುವ ಮುಂಚೆ ಅದೇ ಅಂಗಡಿಯಲ್ಲಿ ಅಮ್ಮನ ಅಳತೆ ತೆಗೆಯುತ್ತ ಅವನು ಹೇಳಿದ್ದ: 'ಮೇಸ್ತ್ರಿ ಹತ್ರ ಬೇಡಮ್ಮ, ಹಳೇ ಕಾಲದ ಕೆಲಸ.' ಮೇಸ್ತ್ರಿ ಪರದೆಯ ಆ ಕಡೆಯೇ ಇದ್ದರು. ಕೇಳಿಸಿತೋ ಇಲ್ಲವೋ, ಹೋಗಿಬಾ ಎನ್ನುವಾಗ ಅವರು ಮುಖ ನೋಡಿರಲಿಲ್ಲ.

'ಹೊಸಬ, ಇಲ್ಲಿ ಬಾ.'

ಕರೆದವರು ಸೂಪರ್‌ವೈಸರ್. ಬಾಯಿ ತೆರೆದರೆ ಅರ್ಧ ಮಿಲಿಮೀಟರ್ ಕಾಲು ಮಿಲಿಮೀಟರ್ ಎನ್ನುವುದರಿಂದ ಅವರಿಗೆ ಹಿಂದಿನಿಂದ ಎಲ್ಲರೂ ಮಿಲಿಮೀಟರ್ ಎನ್ನುತ್ತಿದ್ದರು. ಮೇಜಿನ ನಡುಮಧ್ಯೆ, ಹದಿನಾಲ್ಕು ಜನಕ್ಕೂ ಕಾಣುವಂತೆ, ಅವರು ಒಂದು ಮೇಣದ ಸೆಟ್ಟು ಇಟ್ಟಿದ್ದರು. ಗುರುವಾರ ಅವನೇ ಜೋಡಿಸಿ ಬಾಯಲ್ಲಿಟ್ಟು ನೋಡಲು ಕ್ಲಿನಿಕ್ಕಿಗೆ ಕಳಿಸಿದ್ದ ನಂಬರು ನಾಲ್ಕು ಸಾವಿರದ ನೂರ ಹದಿನೇಳು. ಹೆಣ್ಣು, ಅರವತ್ತೆಂಟು. ಜೊತೆಗೆ ಡಾಕ್ಟರಮ್ಮನ ಚೀಟಿ: ಪೇಷಂಟು ಒಪ್ಪಿಲ್ಲ, ಇದನ್ನು ಮಾಡಿದವರನ್ನೇ ಕಳಿಸಿ.

'ಏನಿದು?'

ಅವನು ನೋಡಿದ. ಮೇಲಿನ ಸಾಲಿನಲ್ಲಿ ಬಲಗಡೆಯ ಎರಡನೆಯ ಹಲ್ಲು ನಡುವಿನ ಹಲ್ಲಿನ ಮೇಲೆ ಒಂಚೂರು ಹತ್ತಿ ಕೂತಿತ್ತು. ಅದರ ಪಕ್ಕದ ಕೋರೆ ಸ್ವಲ್ಪ ಹಿಂದೆ ಸರಿದು ಜಾಗ ಕೊಟ್ಟಿತ್ತು.

'ಒಂದು ಮಿಲಿಮೀಟರ್ ಓರೆ. ಪೂರಾ ಒಂದು. ಕಣ್ಣು ಎಲ್ಲಿತ್ತು? ನಾವೇನು ಇಲ್ಲಿ ಗೊಂಬೆ ಮಾಡ್ತಿದೀವಾ? ನಿಮ್ಮೂರಲ್ಲಿ ಇದಕ್ಕೆ ಚೆನ್ನಾಗಿದೆ ಅಂತಾರಾ?'

ಯಾರೋ ಕಿಸಕ್ಕೆಂದರು. ಪಾಲಿಶ್ ಅಕ್ಕ ಯಂತ್ರ ನಿಲ್ಲಿಸಿದಳು. ಅವನ ಮುಖ ಬಿಸಿಯಾಯಿತು. ಆದರೆ ಅದು ಅವಮಾನಕ್ಕಲ್ಲ, ಅವಮಾನ ಮುಟ್ಟಲು ಇನ್ನೂ ಹೊತ್ತಿತ್ತು. ಅವನಿಗೆ ಆ ಹಲ್ಲುಗಳ ಗುರುತು ಸಿಕ್ಕಿಬಿಟ್ಟಿತ್ತು. ಅಮ್ಮ ಬಾಗಿಲಲ್ಲಿ ನಿಂತು, ಕೈ ಅಡ್ಡ ಹಿಡಿಯುವುದನ್ನು ಮರೆತು, ಒಂದು ಕ್ಷಣ ನಕ್ಕ ಹಾಗೆ ಮೇಜಿನ ಮೇಲೆ ಅವು ಕೂತಿದ್ದವು.

ಎಂಟು ತಿಂಗಳಿನ ಅಷ್ಟೂ ಭಾನುವಾರಗಳು ಅವನಿಗೆ ಒಟ್ಟಿಗೆ ನೆನಪಾದವು. ಕೋಣೆಯಲ್ಲಿ ದೀಪ ಹಚ್ಚಿ, ಅಮ್ಮನ ಅಚ್ಚಿನ ಮೇಲೆ ಮೇಣ ಮೆತ್ತಿ, ಒಂದೊಂದು ಹಲ್ಲು ನೆಟ್ಟು ಕೂರುತ್ತಿದ್ದ. ಪ್ರತಿ ಸಲವೂ ಸಾಲು ನೆಟ್ಟಗೆ ಬರುತ್ತಿತ್ತು, ಲ್ಯಾಬಿನ ಚಾರ್ಟಿನಲ್ಲಿರುವಂತೆ, ಯಾರದೋ ಬಾಯಿಯಾಗಿ. ಅಮ್ಮನಿಗೆ ಓರೆ ಹಲ್ಲಿತ್ತು ಎಂಬುದು ಗೊತ್ತು. ಆದರೆ ಯಾವ ಕಡೆ, ಎಷ್ಟು, ಅದರ ತುದಿ ತುಟಿಗೆ ತಾಗುತ್ತಿತ್ತೋ ಇಲ್ಲವೋ? ಫೋಟೋಗಳಲ್ಲಿ ಅವಳು ಬಾಯಿ ಬಿಚ್ಚಿದವಳೇ ಅಲ್ಲ. ನಗು ಬಂದರೆ ಕೈ ಅಡ್ಡ. ಇಪ್ಪತ್ತೊಂಬತ್ತು ವರ್ಷ ನೋಡಿದ ಬಾಯಿ ನೆನಪಿಗೆ ಬಾರದೆ, ಮಧ್ಯಾಹ್ನ ಮೂರರ ಹೊತ್ತಿಗೆ ಎಲ್ಲ ಕಿತ್ತು ಮೇಣ ಕರಗಿಸಿ ಮಲಗಿಬಿಡುತ್ತಿದ್ದ. ಅಕ್ಕನನ್ನು ಕೇಳಬಹುದಿತ್ತು. ಅಮ್ಮನ ಹಲ್ಲು ಹೇಗಿತ್ತು ಎಂದು ಹಲ್ಲು ಕಟ್ಟುವವನು ಕೇಳುವುದು ಹೇಗೆ? ಈಗ ನೋಡಿದರೆ, ಗುರುವಾರ ಸುಸ್ತಾಗಿ, ಬೆಳಿಗ್ಗೆ ಅಮ್ಮ ಫೋನಿಗೆ ಬರಲಿಲ್ಲವಲ್ಲ ಎಂದುಕೊಳ್ಳುತ್ತ, ಏನು ಮಾಡುತ್ತಿದ್ದೇನೆಂಬ ಎಚ್ಚರವಿಲ್ಲದೆ ಕೂತಿದ್ದಾಗ, ಕೈಗಳು ತಮ್ಮಷ್ಟಕ್ಕೆ ಅಮ್ಮನನ್ನು ಕಟ್ಟಿ ಯಾರದೋ ಬಾಯಿಗೆ ಕಳಿಸಿಕೊಟ್ಟಿದ್ದವು.

'ಬಾಯಲ್ಲಿ ಏನಿಟ್ಕೊಂಡಿದೀಯ? ಕೇಳಿದ್ದಕ್ಕೆ ಉತ್ತರ ಕೊಡು.'

'ತಪ್ಪಾಯ್ತು ಸಾರ್.'

'ಹೋಗಿ ಆ ಅಮ್ಮನ ಹತ್ರ ಹೇಳು ಅದನ್ನ.'

ಕ್ಲಿನಿಕ್ಕು ಎರಡು ಬಸ್ಸಿನ ದಾರಿ. ಮಡಿಲಲ್ಲಿ ಸೆಟ್ಟಿನ ಡಬ್ಬಿ, ಕಾಲ ಬಳಿ ಚಾಕು ದೀಪಗಳ ಚೀಲ. ಮಧ್ಯಾಹ್ನದ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತ್ತು, ಆದರೂ ಅವನಿಗೆ ಆಯಾಸ ಕಾಲಿನಿಂದ ಏರುತ್ತಲೇ ಇತ್ತು. ಈ ಊರಿನಲ್ಲಿ ಆಯಾಸ ಕೆಲಸದಿಂದ ಬರುವುದಲ್ಲ ಎಂದು ಅವನಿಗೆ ಅನ್ನಿಸಿದ್ದುಂಟು. ಯಾವುದನ್ನು ಕೇಳಬೇಕಾದರೂ ಮೊದಲು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಳ್ಳಬೇಕು. ಯಾವ ಬಾಗಿಲು ತಳ್ಳುವುದು, ಯಾವುದು ಎಳೆಯುವುದು ಎಂದು ನಿಂತು ನೋಡಬೇಕು. ಲಿಫ್ಟಿನಲ್ಲಿ ಯಾರಾದರೂ ನಕ್ಕರೆ ತನ್ನ ಹಿಂದೆ ಯಾರಿದ್ದಾರೆ ಎಂದು ತಿರುಗಬೇಕು. ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಪಕ್ಕದಲ್ಲಿ ಕೂತವರು ಬೆಚ್ಚಿ ಸರಿದು ಕೂತರು. ಈ ಸಲ ಅವನು ಇಳಿಯಲಿಲ್ಲ.

ಕುರ್ಚಿಯಲ್ಲಿ ಒರಗಿದ್ದಾಕೆ ನಿವೃತ್ತ ಲೆಕ್ಕದ ಟೀಚರ್. ತೆಳ್ಳಗಿನ ಮೈ, ತೀಕ್ಷ್ಣ ಕಣ್ಣು. ಹಲ್ಲಿಲ್ಲದ ಬಾಯಿಯಲ್ಲೂ ಮಾತು ಬಿಡಿಬಿಡಿಯಾಗಿ, ಕರಿಹಲಗೆಯ ಮೇಲೆ ಬರೆದಷ್ಟು ನಿಧಾನವಾಗಿ ಬರುತ್ತಿತ್ತು.

'ನೀವೇನಾ ಮಾಡಿದ್ದು?'

'ಹೌದು ಮೇಡಂ.'

'ಕನ್ನಡೀಲಿ ನೋಡ್ಕೊಂಡೆ. ಯಾರೋ ಬೇರೆಯವರು ನನ್ನ ನೋಡಿ ನಕ್ಕ ಹಾಗಾಯ್ತು. ಕೆಟ್ಟದಾಗಿದೆ ಅಂತ ನಾನು ಹೇಳಲ್ಲ. ಚೆನ್ನಾಗೇ ಇದೆ. ಆದ್ರೆ ನಂದಲ್ಲ.'

'ತಪ್ಪಾಗಿದೆ. ಈಗಲೇ ಸರಿ ಮಾಡ್ತೀನಿ.'

'ಮಾಡಿ. ಅದಕ್ಕೆ ಮುಂಚೆ ಹೇಳಿ. ಇದು ಯಾರದ್ದು?'

ಸುಳ್ಳು ಹೇಳಬಹುದಿತ್ತು. ಚಾಕು ಜಾರಿತು, ಮೇಣ ಮೆತ್ತಗಿತ್ತು ಎನ್ನಬಹುದಿತ್ತು. 'ನಮ್ಮಮ್ಮಂದು' ಎಂದ.

'ಹೋಗ್ಬಿಟ್ರಾ ಅವರು?'

'ಇಲ್ಲ ಇಲ್ಲ. ಊರಲ್ಲಿದಾರೆ. ಚೆನ್ನಾಗಿದಾರೆ.'

'ಇದಾರೆ ಅಂದ್ಮೇಲೆ ಅವರ ಬಾಯಿಗೇ ಹಾಕ್ಬೇಕಲ್ಲಪ್ಪ. ನನಗ್ಯಾಕೆ?'

ಡಾಕ್ಟರಮ್ಮ ನಕ್ಕರು. ಅವನಿಗೂ ನಗು ಬಂತು. ಡಾಕ್ಟರಮ್ಮ ಎಲ್ಲರಿಗೂ ಮಾಡಿಸುವಂತೆ ಮೇಣದ ಸೆಟ್ಟನ್ನು ಟೀಚರ ಬಾಯಲ್ಲಿಟ್ಟು, 'ಸಾವಿರದಿಂದ ಎಣಿಸಿ' ಎಂದರು. ಹಲ್ಲು ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪದವಿಲ್ಲ. 'ಸ' ಹಲ್ಲುಗಳ ಸಂದಿಯಲ್ಲಿ ನುಸುಳಬೇಕು, 'ವ' ಕೆಳತುಟಿಯ ಮೇಲೆ ಕೂರಬೇಕು. ಟೀಚರ್ ಎಣಿಸಿದರು. ಸಾವಿರ. ಸಾವಿರದ ಒಂದು. ಸಾವಿರದ ಎರಡು. ಅವನು ಕಣ್ಣು ಮುಚ್ಚಿಕೊಂಡ. ದನಿ ಬೇರೆ, ಆದರೆ ಆ 'ಸ' ಅಮ್ಮನದೇ. ಪ್ರಯಾಣಿಕರು ಸಾವಕಾಶವಾಗಿ ಹತ್ತಬೇಕು. ಸಾವಕಾಶ ಎನ್ನುವುದು ಬರೆದುಕೊಟ್ಟ ಕಾಗದದಲ್ಲಿ ಇರುತ್ತಿರಲಿಲ್ಲ, ಅಮ್ಮ ತಾನೇ ಸೇರಿಸಿದ್ದು. ಮೇಲಿನವರು ಒಮ್ಮೆ ತೆಗೆಯಲು ಹೇಳಿದರೂ ಅವಳು ತೆಗೆಯಲಿಲ್ಲ. ಚಿಕ್ಕವನಿದ್ದಾಗ ಅವನು ಶಾಲೆ ಬಿಟ್ಟು ನಿಲ್ದಾಣಕ್ಕೆ ಹೋಗಿ ಆ ಶಬ್ದ ಎಷ್ಟು ಸಲ ಬರುತ್ತದೆಂದು ಎಣಿಸುತ್ತ ಬೆಂಚಿನ ಮೇಲೆ ಕೂರುತ್ತಿದ್ದ. 'ಸಾಕಾ?' ಎಂದರು ಟೀಚರ್. ಸಾಕು ಎಂದು ಕಣ್ಣು ಬಿಟ್ಟ.

ಸರಿಮಾಡುವುದೆಂದರೆ ಚಾಕು ಬಿಸಿ ಮಾಡಿ ಆ ಹಲ್ಲನ್ನು ನೆಟ್ಟಗೆ ಎಳೆಯುವುದು. ಅರ್ಧ ನಿಮಿಷದ ಕೆಲಸ. ಅವನ ಕೈ ಏಳಲಿಲ್ಲ. 'ಮೇಡಂ, ಒಂದು ನಾಲ್ಕು ನಿಮಿಷ ತಡೀತೀರಾ?' ಎಂದು ಕೇಳಿದ. ಡಾಕ್ಟರಮ್ಮನ ಡಬ್ಬಿಯಿಂದ ಅಳತೆ ತೆಗೆಯುವ ನೀಲಿ ಮುದ್ದೆಯನ್ನು ಇಸಕೊಂಡು, ಕಲಸಿ, ಮೇಣದಲ್ಲಿದ್ದ ಮುಂದಿನ ಆರು ಹಲ್ಲುಗಳ ಮೇಲೆ ಒತ್ತಿ ಹಿಡಿದ. ಗಟ್ಟಿಯಾಗುವವರೆಗೆ ಕಾದ. ಬಿಡಿಸಿ ನೋಡಿದರೆ ನೀಲಿಯಲ್ಲಿ ಅಮ್ಮನ ಹಲ್ಲಿನ ಗುರುತು, ಓರೆಯಾದದ್ದು ಓರೆಯಾಗಿಯೇ. ಅದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು, ಚಾಕು ಬಿಸಿ ಮಾಡಿ, ಟೀಚರ ಹಲ್ಲನ್ನು ನೆಟ್ಟಗೆ ಮಾಡಿದ. ಎಂಟು ತಿಂಗಳಲ್ಲಿ ಮೊದಲ ಸಲ ಮೈ ಹಗುರಾಗಿತ್ತು. ಈ ಭಾನುವಾರ ಮುಗಿಸಿಬಿಡಬಹುದು. ಮುಂದಿನ ವಾರ ಊರಿಗೆ.

'ನಿಮ್ಮಮ್ಮನ ಅಳತೆ ಇದೆಯಾ?' ಕೈ ತೊಳೆಯುತ್ತ ಡಾಕ್ಟರಮ್ಮ ಕೇಳಿದರು.

'ಇದೆ. ಬರುವಾಗಲೇ ತಗೊಂಡು ಬಂದಿದೀನಿ.'

'ಯಾವಾಗಿಂದು?'

'ಎಂಟು ತಿಂಗಳು.'

'ಹಲ್ಲು ಕಿತ್ತು ಎಷ್ಟು ದಿನಕ್ಕೆ ತಗೊಂಡಿದ್ದು?'

'ಆರು ವಾರಕ್ಕೆ.'

ಡಾಕ್ಟರಮ್ಮ ನಲ್ಲಿ ನಿಲ್ಲಿಸಿ ಅವನ ಕಡೆ ನೋಡಿದರು. 'ವಸಡು ಎಷ್ಟು ಇಳಿದಿರತ್ತೆ ಅಂತ ನಿಮಗೆ ನಾನು ಹೇಳ್ಬೇಕಾ?' ಎಂದರು. ಗದರಿಸಿ ಅಲ್ಲ, ಮೆಲ್ಲಗೆ. ಹೇಳಬೇಕಾಗಿರಲಿಲ್ಲ. ಹಲ್ಲು ಕಿತ್ತಮೇಲೆ ದವಡೆ ತಿಂಗಳು ತಿಂಗಳಿಗೂ ಕರಗುತ್ತ ಇಳಿಯುತ್ತದೆ, ಹಳೆಯ ಅಳತೆಗೆ ಕಟ್ಟಿದ ಸೆಟ್ಟು ಬಾಯಲ್ಲಿ ನಿಲ್ಲುವುದಿಲ್ಲ. ಈ ಮಾತನ್ನು ಅವನೇ ಎಷ್ಟು ಜನಕ್ಕೆ ಹೇಳಿದ್ದನೋ. ನಾಲ್ಕನೆಯ ತಿಂಗಳಿಗೇ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಭಾನುವಾರ ಭಾನುವಾರ ದೀಪ ಹಚ್ಚಿ, ಇಲ್ಲವಾಗಿ ಹೋದ ದವಡೆಯ ಮೇಲೆ ಹಲ್ಲು ನೆಡುತ್ತ ಕೂತಿದ್ದ. ಅಷ್ಟು ಮಾಡುತ್ತಿದ್ದರೆ ಮಾತು ಉಳಿಸಿಕೊಂಡ ಹಾಗೆ, ಊರಿಗೆ ಹೋಗಿ ಹಾಲಿನಲ್ಲಿ ಬ್ರೆಡ್ಡು ನೆನೆಸಿ ತಿನ್ನುವ ಅಮ್ಮನನ್ನು ನೋಡಬೇಕಾದ್ದಿಲ್ಲ. ಟೀಚರ್ ಕುರ್ಚಿಯಿಂದ ಇಳಿದು, ಹೋಗುವಾಗ ಅವನ ತೋಳು ಮುಟ್ಟಿ, 'ಇನ್ನೊಂದು ಸಲ ಅಳತೆ ತಗೊಂಡ್ರೆ ಆಯ್ತು. ಅದೇನು ದೊಡ್ಡ ವಿಷ್ಯ?' ಎಂದರು.

ಹೌದು, ಅದೇನು ದೊಡ್ಡ ವಿಷಯ? ಬೀದಿಗೆ ಬಂದು ನಿಂತಾಗ ನಾಲ್ಕೂಕಾಲು. ರಜೆ ಕೇಳುವುದು, ಭಾನುವಾರ ಹೋಗುವುದು, ಅಳತೆ ತೆಗೆಯುವುದು. ಅಕ್ಕನ ಮೂಲಕ ಹೇಳಿಕಳಿಸುವುದು ಬೇಡ, ಅಮ್ಮನಿಗೇ ಹೇಳಬೇಕು ಎನಿಸಿತು. ಅವಳು ಬರೀ ಗಾಳಿಯಲ್ಲಿ ಉತ್ತರ ಕೊಟ್ಟರೂ ಸರಿ, ಏನಂದೆ ಎಂದು ಒಂದು ಸಲವೂ ಕೇಳಬಾರದು. ನಿಲ್ದಾಣದ ಪಾರ್ಸೆಲ್ ಕೋಣೆಯ ನಂಬರು ಬಾಯಿಪಾಠವಿತ್ತು. ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಒಂದು ಕಿವಿ ಮುಚ್ಚಿಕೊಂಡು ಫೋನು ಮಾಡಿದ.

'ಪಾರ್ಸೆಲ್ಲು, ಹೇಳಿ.'

'ಮೈಕಮ್ಮ ಇದಾರಾ?'

'ಅವರು ಇಲ್ಲೆಲ್ಲಿ ಸಾರ್? ಹಲ್ಲು ಕಟ್ಟಿಸ್ಕೊಂಡು ಮೈಕಿಗೆ ವಾಪಸ್ ಹೋಗಿ ಒಂದೂವರೆ ತಿಂಗಳಾಯ್ತಲ್ಲ. ಯಾರು ಮಾತಾಡೋದು?'

ಮಗ ಎನ್ನಲು ಬಾಯಿ ಬರಲಿಲ್ಲ. ಆ ಕಡೆ ಗಾಡಿ ತಳ್ಳುವ ಸದ್ದು, ಜನರ ಗಲಾಟೆ. ಅದರ ಮೇಲೆ, ಮೇಲಿನಿಂದೆಂಬಂತೆ, ಧ್ವನಿವರ್ಧಕ ಗರಗರ ಎಂದಿತು. ಸಂಜೆ ನಾಲ್ಕೂವರೆಗೆ ಹೊರಡುವ ಬಸ್ಸು ಆರನೇ ಅಂಕಣದಲ್ಲಿ ನಿಂತಿದೆ. ಪ್ರಯಾಣಿಕರು ಸಾವಕಾಶವಾಗಿ ಹತ್ತಬೇಕು.

'ಹಲೋ? ಹಲೋ ಸಾರ್?'

ಅವನು ಫೋನು ಇಟ್ಟ. ಲ್ಯಾಬಿಗೆ ಹೋಗಬೇಕಿತ್ತು, ಹೋಗಲಿಲ್ಲ. ನಡೆಯತೊಡಗಿದ. ಮೊದಲು ಬಂದದ್ದು ಕೋಪವೇ. ಅಷ್ಟು ಹೇಳಿ ಬಂದಿದ್ದೆ, ಹೋಗಿ ಹೋಗಿ ಮೇಸ್ತ್ರಿಯ ಹತ್ತಿರ, ಅಕ್ಕನೂ ಸೇರಿಕೊಂಡು, ಸ್ನಾನವಂತೆ ಸ್ನಾನ. ಸಿಗ್ನಲ್ಲಿನಲ್ಲಿ ನಿಂತಾಗ ಕೋಪ ಇಳಿದು ನಾಚಿಕೆ ಬಂತು. ಅಮ್ಮ ಆರೂವರೆ ತಿಂಗಳು ಕಾದಿದ್ದಾಳೆ. ಮೂರು ತಿಂಗಳು ಎಂದದ್ದಕ್ಕೆ ಆರೂವರೆ. ಆಮೇಲೆ ಹೋಗಿ ಕಟ್ಟಿಸಿಕೊಂಡು, ಕಟ್ಟಿಸಿಕೊಂಡದ್ದು ಮಗನಿಗೆ ತಿಳಿಯಬಾರದೆಂದು ಫೋನಿಗೆ ಬರುವುದನ್ನು ಬಿಟ್ಟಿದ್ದಾಳೆ. ಏಕೆಂದರೆ ಮೊದಲ ಮಾತಿಗೇ ಅವನಿಗೆ ಗೊತ್ತಾಗಿಬಿಡುತ್ತಿತ್ತು. ಹಲ್ಲಿಲ್ಲದಾಗ ಮಾತಾಡಿದವಳು ಹಲ್ಲು ಬಂದಮೇಲೆ ಮಾತು ಬಿಟ್ಟಳು. ನಾಚಿಕೆಯ ಜೊತೆಗೇ, ಅದರ ಬೆನ್ನಿಗಂಟಿಕೊಂಡು, ಒಂದು ನಿರಾಳವೂ ಬಂತು: ಸದ್ಯ, ಇನ್ನು ಕಟ್ಟಬೇಕಾಗಿಲ್ಲ. ಆ ನಿರಾಳಕ್ಕೆ ಅವನು ಇನ್ನಷ್ಟು ನಾಚಿದ. ಎಂಟು ತಿಂಗಳಿಂದ ಈ ಊರಿನಲ್ಲಿ ಯಾಕಿದ್ದೀಯ ಎಂದು ತನ್ನನ್ನೇ ಕೇಳಿಕೊಂಡಾಗಲೆಲ್ಲ ಕಿಟಕಿಯ ಕಟ್ಟೆಯ ಕಡೆ ನೋಡುತ್ತಿದ್ದ. ಇನ್ನು ಅದೂ ಇಲ್ಲ. ಎಷ್ಟು ನಡೆದನೋ, ಕೋಣೆಗೆ ಬಂದಾಗ ಬಿಸಿಲು ಪೈಪುಗಳ ಮೇಲಿಂದ ಇಳಿಯುತ್ತಿತ್ತು.

ಮಂಚದ ಮೇಲೆ ಕೂತು ಯೋಚಿಸಿದ. ಗೊತ್ತಾಯಿತು ಎಂದರೆ ಅಮ್ಮ ಅಳುತ್ತಾಳೆ. ಗೊತ್ತಾಗದ ಹಾಗಿದ್ದರೆ ಇನ್ನೆಷ್ಟು ತಿಂಗಳು ಸ್ನಾನ ಮಾಡುತ್ತಾಳೆ? ಅವಳ ಬಾಯಿ ಬಿಡಿಸುವ ದಾರಿ ಒಂದೇ ಕಂಡಿತು. ಅಕ್ಕನಿಗೆ ಫೋನು ಮಾಡಿ, ಪೀಠಿಕೆಯಿಲ್ಲದೆ ಹೇಳಿದ: 'ಅಕ್ಕ, ನನ್ನ ಕೈಲಿ ಆಗ್ತಿಲ್ಲ. ಇಲ್ಲಿ ಕೆಲಸ ಜಾಸ್ತಿ. ಅಮ್ಮಂಗೆ ಹೇಳು, ಮೇಸ್ತ್ರಿ ಹತ್ರಾನೇ ಕಟ್ಟಿಸ್ಕೊಳ್ಳಲಿ. ನಂಗೇನೂ ಬೇ‌ಜಾರಿಲ್ಲ.'

ಅಕ್ಕ ಫೋನಿನ ಮೇಲೆ ಕೈ ಮುಚ್ಚಿ ಏನೋ ಹೇಳಿದ್ದು, ಇನ್ನೊಂದು ದನಿ ಬೇಡ ಬೇಡ ಎಂದದ್ದು, ಕುರ್ಚಿ ಎಳೆದದ್ದು ಕೇಳಿಸಿತು. ಆಮೇಲೆ, ಹತ್ತಿರದಲ್ಲೇ, ಮೇಜಿನ ಮೇಲೆ ಟಕ್ ಎಂಬ ಒಂದು ಸಣ್ಣ ಸದ್ದು. ಸ್ವಲ್ಪ ತಡೆದು ಇನ್ನೊಂದು ಟಕ್. ಮೇಲಿನ ಸೆಟ್ಟು, ಆಮೇಲೆ ಕೆಳಗಿನದು. ದಿನಕ್ಕೆ ನೂರು ಸಲ ಆ ಸದ್ದು ಕೇಳುವವನು ಅವನು.

'ಇಲ್ಲಪ್ಪ.' ಅಮ್ಮನ ದನಿ, ತುಟಿಗಳೊಳಗೇ ಮಡಚಿಕೊಂಡು, ಮೊದಲಿನ ಹಾಗೇ. 'ನೀನೇ ಮಾಡು. ನಾನು ಕಾಯ್ತೀನಿ. ನಂಗೇನೂ ಅವಸರ ಇಲ್ಲ.' 'ಅವಸರ' ಎಂಬಲ್ಲಿ 'ಸ' ಗಾಳಿಯಾಗಿ ಹೋಯಿತು.

ಅವನು ಎದುರಿನ ಗೋಡೆ ನೋಡುತ್ತ ಕೂತ.

'ಅಮ್ಮ.'

'ಹೂಂ.'

'ಹಾಕ್ಕೊಂಡು ಮಾತಾಡಮ್ಮ.'

ಆಮೇಲೆ ಮೇಜಿನ ಮೇಲಿಂದ ಎತ್ತಿಕೊಂಡ ಸದ್ದು, ಒಂದು ಸಣ್ಣ ಕೆಮ್ಮು, ಹಲ್ಲು ಕೂಡಿ ಕೂತ ಸದ್ದು.

'ಸಿಟ್ಟು ಬಂತಾ?' ಎಂದಳು ಅಮ್ಮ.

ಎಂಟು ತಿಂಗಳಲ್ಲಿ ಒಂದಕ್ಷರ ಬಿಡದೆ ಮುಟ್ಟಿದ ಮೊದಲ ಮಾತು ಅದು. ಅವನು ಇಲ್ಲ ಎಂದು ತಲೆಯಾಡಿಸಿದ. ಫೋನಿನಲ್ಲಿ ತಲೆಯಾಡಿಸಿದರೆ ಕಾಣುವುದಿಲ್ಲವೆಂದು ನೆನಪಾಗಿ 'ಇಲ್ಲ' ಎಂದ. ಜೇಬಿನಿಂದ ನೀಲಿ ಮುದ್ದೆ ತೆಗೆದು ಹೆಬ್ಬೆರಳಿನಿಂದ ಸವರುತ್ತ ಕೇಳಿದ: 'ಆ ಓರೆ ಹಲ್ಲು? ಇಟ್ಟಿದಾರಾ ಮೇಸ್ತ್ರಿ?'

'ಇಡ್ತೀನಿ ಅಂದ್ರು. ಎರಡು ದಿನ ಬೆಂಚ್ ಮೇಲೆ ಕೂರಿಸ್ಕೊಂಡು ಅದನ್ನೇ ಹೇಳಿದ್ರು. ನಾನೇ ಬೇಡ ಅಂದೆ ಕಣೋ. ಇಷ್ಟು ವರ್ಷ ಕೈ ಅಡ್ಡ ಇಟ್ಕೊಂಡು ನಕ್ಕಿದ್ದು ಸಾಲ್ದಾ? ನೆಟ್ಟಗೆ ಇಡಿಸ್ಕೊಂಡೆ.' ಆಮೇಲೆ, 'ಯಾಕೆ?' ಎಂದಳು.

'ಏನಿಲ್ಲ. ಸುಮ್ನೆ ಕೇಳ್ದೆ.'

ಮುದ್ದೆಯನ್ನು ಕಿಟಕಿಯ ಕಟ್ಟೆಯ ಮೇಲೆ, ಟವೆಲ್ಲಿನ ಪಕ್ಕ ಇಟ್ಟ. ಒಂದು ಯಾವಾಗಲೋ ಇದ್ದ ಬಾಯಿ, ಇನ್ನೊಂದು ಯಾವಾಗಲೋ ಇದ್ದ ನಗು. ಅಮ್ಮ ಮಾತಾಡುತ್ತಿದ್ದಳು. ತಡೆದಿಟ್ಟದ್ದೆಲ್ಲ ಒಮ್ಮೆಗೇ ಬರುತ್ತಿತ್ತು: ಮೈಕಿನ ಕೋಣೆಗೆ ಹೊಸ ಫ್ಯಾನು, ಪಾರ್ಸೆಲ್ಲಿನವನ ಹೆಂಡತಿಗೆ ಅವಳಿ, ಮೇಸ್ತ್ರಿ ನಿನ್ನನ್ನು ಕೇಳುತ್ತಿರುತ್ತಾರೆ, ನಿನಗೆ ಹೇಳಬೇಡಿ ಅಂದವರೂ ಅವರೇ, ಸಣ್ಣವನು ನೊಂದ್ಕೋತಾನೆ ಅಂದರು. ಅವನು ಹೂಂ ಹೂಂ ಎನ್ನುತ್ತಿದ್ದ; ಈ ಸಲ ಎಲ್ಲ ತಿಳಿದೇ. ತಿಳಿಯುತ್ತ, ತನಗೆ ಬೇಡವಾಗಿದ್ದರೂ, ಕಿವಿ ತನ್ನ ಕೆಲಸ ಮಾಡುತ್ತಿತ್ತು. 'ಸ' ಬರುವಾಗಲೆಲ್ಲ ಅದರ ತುದಿಯಲ್ಲಿ ಒಂದು ತೆಳ್ಳನೆಯ ಸೀಟಿ. ನೆಟ್ಟಗೆ ಇಟ್ಟದ್ದಕ್ಕೆ ಸಂದಿ ಉಳಿದಿದೆ. ಬಲಗಡೆಯದು. ಅರ್ಧ ಮಿಲಿಮೀಟರ್.

'ಅಮ್ಮ, ಸೀಟಿ ಹೊಡೀತಿದೆ. ಬಲಗಡೆ.'

'ಎಲ್ಲಾರೂ ಹಾಗೇ ಅಂತಾರೆ' ಎಂದು ಅಮ್ಮ ನಕ್ಕಳು. ಕೈ ಅಡ್ಡ ಇಲ್ಲದ ನಗು ಎಂದು ಫೋನಿನಲ್ಲೂ ತಿಳಿಯುತ್ತಿತ್ತು. 'ಮೇಸ್ತ್ರಿ ಉಜ್ಜಿ ಕೊಡ್ತೀನಿ ಅಂದ್ರು. ಇರ್ಲಿ ಬಿಡಿ, ಅವನು ಬಂದಾಗ ಅವನೇ ಮಾಡ್ತಾನೆ ಅಂತ ಹೇಳಿದೀನಿ.'

ಆಮೇಲೆ ಇಪ್ಪತ್ತಾರು ವರ್ಷದ ಅಭ್ಯಾಸದ ದನಿಯಲ್ಲಿ, ಭಾನುವಾರ ಬೆಳಿಗ್ಗೆ ಆರೂವರೆಗೆ ನಿಮ್ಮೂರಿಂದ ಒಂದು ಬಸ್ಸಿದೆ, ಮಧ್ಯಾಹ್ನ ಎರಡಕ್ಕೆ ಇಲ್ಲಿ ಮೂರನೇ ಅಂಕಣಕ್ಕೆ ಬರುತ್ತದೆ ಎಂದಳು.

'ಈ ಭಾನುವಾರಾನೇ ಬರ್ಬೇಕು ಅಂತೇನಿಲ್ಲ' ಎಂದಳು. 'ಸಾವಕಾಶವಾಗಿ ಬಾ.'